ವಿಸೆರಾದಲ್ಲಿ ಮೆಟ್‌ಫಾರ್ಮಿನ್: ಸಂಖ್ಯೆ ಕೈಗೆ ಬಂದ ಮೇಲೆ ಉಳಿಯುವ ಕೆಲಸ

ಯು.ಡಿ.ಆರ್. (ಅಸಹಜ ಸಾವಿನ ವರದಿ) ಕಡತ ಮತ್ತು ವಿಸೆರಾ (ಶವದಿಂದ ತೆಗೆದ ಒಳಾಂಗಗಳ ಮಾದರಿ) ಜೊತೆ ಎಫ್‌ಎಸ್‌ಎಲ್‌ಗೆ, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಬರುವ ಪತ್ರದಲ್ಲಿ ಬಹಳ ಸಲ ಒಂದೇ ಸಾಲು ಇರುತ್ತದೆ: ಮೃತರು ಶುಗರ್ ಮಾತ್ರೆಗಳನ್ನು ಹೆಚ್ಚು ಪ್ರಮಾಣದಲ್ಲಿ ಸೇವಿಸಿರುವ ಶಂಕೆ ಇದೆ, ವಿಷದ ಅಂಶವಿದೆಯೇ ಪರೀಕ್ಷಿಸಿ ತಿಳಿಸುವುದು. ಯಾವ ಮಾತ್ರೆ, ಆಸ್ಪತ್ರೆಯಲ್ಲಿ ಎಷ್ಟು ಹೊತ್ತು ಇದ್ದರು, ಡಯಾಲಿಸಿಸ್ ಆಯಿತೇ, ಮೊದಲೇ ಕಿಡ್ನಿ ಕೆಟ್ಟಿತ್ತೇ ಎಂಬುದರ ಸುಳಿವು ಅದರಲ್ಲಿ ಇರುವುದಿಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ವಿಷಯದಲ್ಲಿ ಉತ್ತರ ನಿಂತಿರುವುದೇ ಈ ಬಿಟ್ಟುಹೋದ ಸಂಗತಿಗಳ ಮೇಲೆ. ರಕ್ತದಲ್ಲಿ ಔಷಧಿ ಎಷ್ಟಿತ್ತು ಎಂದು ಯಂತ್ರ ಹೇಳುತ್ತದೆ. ಮಾತ್ರೆ ಹೆಚ್ಚು ನುಂಗಿದ್ದರಿಂದ ಅಷ್ಟು ಏರಿತೋ, ಕಿಡ್ನಿ ನಿಂತದ್ದರಿಂದ ದಿನದ ಮಾತ್ರೆಯೇ ಶೇಖರವಾಗಿ ಅಷ್ಟಾಯಿತೋ ಎಂದು ಅದು ಹೇಳುವುದಿಲ್ಲ. ಎರಡೂ ಸಂದರ್ಭದಲ್ಲಿ ಒಂದೇ ಅಂಕಿ ಬರಬಹುದು. ಒಂದು ಆತ್ಮಹತ್ಯೆಯ ಕಡತವಾಗುತ್ತದೆ, ಇನ್ನೊಂದು ಕಾಯಿಲೆಯ ಕಡತ.

ಔಷಧಿಯ ಗುಣ ಗೊತ್ತಿದ್ದರೆ ಮುಂದಿನದೆಲ್ಲ ಸಲೀಸು. ಮೆಟ್‌ಫಾರ್ಮಿನ್ ಚಿಕ್ಕ ಅಣು, ಅಣುತೂಕ 129. ಅದು ಬಲವಾದ ಪ್ರತ್ಯಾಮ್ಲ, ಆ ಬಲ ಸೂಚಿಸುವ ಪಿಕೆಎ ಅಂಕಿ 12ರ ಮೇಲೆ. ಹಾಗಾಗಿ ದೇಹದ ಯಾವ ದ್ರವದಲ್ಲೂ ಅದು ವಿದ್ಯುದಾವೇಶ ಹೊತ್ತೇ ಇರುತ್ತದೆ. ನೀರಿನಲ್ಲಿ ಸರಾಗವಾಗಿ ಕರಗುತ್ತದೆ, ಕೊಬ್ಬಿಗೆ ಹೋಗುವುದಿಲ್ಲ. ನುಂಗಿದ್ದರಲ್ಲಿ ಶೇಕಡಾ 50ರಿಂದ 60ರಷ್ಟು ರಕ್ತ ಸೇರುತ್ತದೆ. ಪ್ರೋಟೀನಿಗೆ ಅಂಟುವುದಿಲ್ಲ, ಲಿವರ್‌ನಲ್ಲಿ ಒಡೆಯುವುದಿಲ್ಲ, ಇದ್ದಂತೆಯೇ ಮೂತ್ರದಲ್ಲಿ ಹೊರಬೀಳುತ್ತದೆ. ಹುಡುಕಲು ಮೆಟಬೊಲೈಟ್ (ದೇಹದಲ್ಲಿ ಔಷಧಿ ಒಡೆದು ಆಗುವ ವಸ್ತು) ಯಾವುದೂ ಇಲ್ಲ. ಹೊರಗೆ ಹೋಗಲು ಇರುವ ದಾರಿ ಕಿಡ್ನಿ ಒಂದೇ, ಅದು ಮುಚ್ಚಿದರೆ ಔಷಧಿ ಒಳಗೇ ಉಳಿಯುತ್ತದೆ. ಅರ್ಧಾಯು, ಅಂದರೆ ಮಟ್ಟ ಅರ್ಧಕ್ಕೆ ಇಳಿಯುವ ಸಮಯ, ಪ್ಲಾಸ್ಮಾದಲ್ಲಿ (ಕಣ ತೆಗೆದ ರಕ್ತದ ದ್ರವದಲ್ಲಿ) ಸುಮಾರು 6 ಗಂಟೆ, ಇಡೀ ರಕ್ತದಲ್ಲಿ ಸುಮಾರು 17 ಗಂಟೆ. ಈ ವ್ಯತ್ಯಾಸಕ್ಕೆ ಕಾರಣ ಕೆಂಪು ರಕ್ತಕಣ: ಔಷಧಿ ಅದರೊಳಗೆ ನಿಧಾನವಾಗಿ ಹೋಗುತ್ತದೆ, ನಿಧಾನವಾಗಿಯೇ ಹೊರಬರುತ್ತದೆ. ಪುಸ್ತಕಗಳಲ್ಲಿ ಸಿಗುವ ಚಿಕಿತ್ಸಾ ಮಟ್ಟ ಪ್ಲಾಸ್ಮಾದ್ದು, ಸಾಮಾನ್ಯವಾಗಿ ಲೀಟರಿಗೆ 2 ಮಿಲಿಗ್ರಾಂ ಒಳಗೆ. ಶವದಿಂದ ನಮಗೆ ಸಿಗುವುದು ಕಣಗಳೆಲ್ಲ ಒಡೆದ ಇಡೀ ರಕ್ತ. ಎರಡನ್ನೂ ಒಂದೇ ಅಳತೆಗೋಲಿನಲ್ಲಿ ಇಟ್ಟು ನೋಡುವವರು ಅನುಭವಿಗಳಲ್ಲೂ ಇದ್ದಾರೆ.

ಸಾವು ಬರುವ ದಾರಿ ಹೀಗೆ. ಔಷಧಿ ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾದ ಮೊದಲ ಕಾಂಪ್ಲೆಕ್ಸನ್ನು (ಕಿಣ್ವಗಳ ಗುಂಪು) ತಡೆಯುತ್ತದೆ. ಲ್ಯಾಕ್ಟೇಟಿನಿಂದ (ಆಮ್ಲಜನಕವಿಲ್ಲದೆ ಗ್ಲೂಕೋಸ್ ಒಡೆದಾಗ ಉಳಿಯುವ ವಸ್ತು) ಮತ್ತೆ ಗ್ಲೂಕೋಸ್ ಕಟ್ಟುವ ಲಿವರ್‌ನ ಕೆಲಸವೂ ನಿಧಾನವಾಗುತ್ತದೆ. ಲ್ಯಾಕ್ಟೇಟ್ ಏರುತ್ತದೆ, ರಕ್ತದ ಪಿಎಚ್ ಇಳಿಯುತ್ತದೆ, ಬಿಪಿ ಬೀಳುತ್ತದೆ, ಬಿಪಿ ಬಿದ್ದರೆ ಕಿಡ್ನಿ ಇನ್ನಷ್ಟು ನಿಲ್ಲುತ್ತದೆ. ಆಸ್ಪತ್ರೆಯಲ್ಲಿ ಲ್ಯಾಕ್ಟೇಟ್ ಲೀಟರಿಗೆ 5 ಮಿಲಿಮೋಲ್ ದಾಟಿ ಪಿಎಚ್ 7.35ಕ್ಕಿಂತ ಕೆಳಗಿದ್ದರೆ ಲ್ಯಾಕ್ಟಿಕ್ ಆಸಿಡೋಸಿಸ್ ಎನ್ನುತ್ತಾರೆ. ಇದೇ ಕುಟುಂಬದ ಫೆನ್‌ಫಾರ್ಮಿನ್ ಈ ದೋಷಕ್ಕಾಗಿಯೇ 1970ರ ದಶಕದ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು.

ಈಗ ಹೆಚ್ಚು ಜನ ಎಡವುವ ಜಾಗ. ಲ್ಯಾಕ್ಟಿಕ್ ಆಸಿಡೋಸಿಸ್‌ನಿಂದ ಸಾವು ಎಂದಾದರೆ ಶವದ ಲ್ಯಾಕ್ಟೇಟ್ ಅಳೆದರೆ ಆಯಿತಲ್ಲ ಎಂದು ತನಿಖಾಧಿಕಾರಿಯೂ ಕೇಳುತ್ತಾರೆ, ಕೆಲವೊಮ್ಮೆ ವೈದ್ಯರೂ ಕೇಳುತ್ತಾರೆ. ಅದು ಆಗುವ ಮಾತಲ್ಲ. ಪ್ರಾಣ ಹೋದ ಮೇಲೂ ಜೀವಕೋಶಗಳು ಆಮ್ಲಜನಕವಿಲ್ಲದೆ ಗ್ಲೂಕೋಸ್ ಒಡೆಯುತ್ತಲೇ ಇರುತ್ತವೆ. ಗ್ಲೂಕೋಸ್ ಇಳಿಯುತ್ತದೆ, ಲ್ಯಾಕ್ಟೇಟ್ ಏರುತ್ತದೆ. ರಸ್ತೆ ಅಪಘಾತದಲ್ಲಿ ಸತ್ತವರ ರಕ್ತದಲ್ಲೂ ಲ್ಯಾಕ್ಟೇಟ್ ಮೇಲೇ ಇರುತ್ತದೆ. ಕಣ್ಣಿನ ವಿಟ್ರಿಯಸ್ ದ್ರವದಲ್ಲಿ ಈ ಬದಲಾವಣೆ ನಿಧಾನ, ಆದರೆ ಅಲ್ಲೂ ಇದೆ. ವಿಟ್ರಿಯಸ್ ಗ್ಲೂಕೋಸ್ ಮತ್ತು ಲ್ಯಾಕ್ಟೇಟ್ ಎರಡನ್ನೂ ಕೂಡಿ ಸಾವಿನ ಮುಂಚಿನ ಸಕ್ಕರೆ ಅಂದಾಜು ಮಾಡುವ ಟ್ರಾಬ್ ಸೂತ್ರ ಒಂದಿದೆ. ಮೆಟ್‌ಫಾರ್ಮಿನ್ ಪ್ರಕರಣದಲ್ಲಿ ಅದನ್ನು ಮುಟ್ಟದಿರುವುದೇ ಒಳ್ಳೆಯದು. ಇರುವ ಲ್ಯಾಕ್ಟೇಟೆಲ್ಲ ಗ್ಲೂಕೋಸಿನಿಂದಲೇ ಬಂದದ್ದು ಎಂಬ ನಂಬಿಕೆಯ ಮೇಲೆ ಆ ಸೂತ್ರ ನಿಂತಿದೆ. ಬದುಕಿದ್ದಾಗಲೇ ಲ್ಯಾಕ್ಟೇಟ್ ಏರಿದ್ದರೆ, ಸಕ್ಕರೆ ಹೆಚ್ಚಿರದಿದ್ದವರಿಗೂ ಸಕ್ಕರೆ ವಿಪರೀತ ಏರಿತ್ತು ಎಂದು ಅದು ಹೇಳಿಬಿಡುತ್ತದೆ.

ಹಾಗಾದರೆ ಆಸಿಡೋಸಿಸ್ ಸಾಬೀತಾಗುವುದು ಎಲ್ಲಿಂದ? ಆಸ್ಪತ್ರೆಯ ಮೊದಲ ರಕ್ತದಿಂದ. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ) ಆಗಿ ದಾಖಲಾದವರ ಎಬಿಜಿ (ಧಮನಿಯ ರಕ್ತದ ಅನಿಲ ಮತ್ತು ಪಿಎಚ್ ಪರೀಕ್ಷೆ) ಚೀಟಿ, ಕಿಡ್ನಿಯ ಸ್ಥಿತಿ ತೋರಿಸುವ ಮೊದಲ ಕ್ರಿಯಾಟಿನಿನ್, ದಾಖಲಾದಾಗ ತೆಗೆದು ಪ್ರಯೋಗಾಲಯದ ಫ್ರಿಜ್ಜಿನಲ್ಲಿ ಉಳಿದ ಸೀರಂ, ಈ ಮೂರಕ್ಕೆ ಇರುವಷ್ಟು ಬೆಲೆ ಇಡೀ ವಿಸೆರಾ ಪೆಟ್ಟಿಗೆಗೂ ಇಲ್ಲ. ಉಳಿದ ಸೀರಂಅನ್ನು ಆಸ್ಪತ್ರೆಗಳು ಕೆಲವೇ ದಿನ ಇಟ್ಟುಕೊಂಡು ಎಸೆಯುತ್ತವೆ. ಹಾಗಾಗಿ ಅದನ್ನು ವಶಪಡಿಸಿಕೊಳ್ಳುವ ಕೋರಿಕೆ ಪಿಎಂ (ಮರಣೋತ್ತರ ಪರೀಕ್ಷೆ) ನಡೆದ ದಿನವೇ ಹೋಗಬೇಕು, ಅದೂ ಬರವಣಿಗೆಯಲ್ಲಿ, ಟ್ಯೂಬಿನ ಸಂಖ್ಯೆ ಮತ್ತು ತೆಗೆದ ಸಮಯದ ಸಹಿತ. ಎಬಿಜಿ ಕಾಗದ ಥರ್ಮಲ್ ಪೇಪರು. ತಿಂಗಳುಗಳಲ್ಲಿ ಮಾಸುತ್ತದೆ, ಜೆರಾಕ್ಸ್ ತೆಗೆದು ದೃಢೀಕರಿಸಿ ಇಡಬೇಕು. ಆಸ್ಪತ್ರೆಯ ಲ್ಯಾಕ್ಟೇಟನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅಡ್ರಿನಾಲಿನ್ ಡ್ರಿಪ್ ಓಡುತ್ತಿದ್ದರೆ ಲ್ಯಾಕ್ಟೇಟ್ ತಾನಾಗಿ ಏರುತ್ತದೆ. ಎಥಿಲೀನ್ ಗ್ಲೈಕಾಲ್ ಕುಡಿದವರಲ್ಲಿ ಅದರಿಂದ ಹುಟ್ಟುವ ಗ್ಲೈಕೋಲೇಟನ್ನು ಕೆಲವು ಬ್ಲಡ್ ಗ್ಯಾಸ್ ಯಂತ್ರಗಳು ಲ್ಯಾಕ್ಟೇಟ್ ಎಂದೇ ಓದುತ್ತವೆ. ಹಾಗಾಗಿ ಲ್ಯಾಕ್ಟೇಟ್ ಜಿಗಿದ ಸಮಯವನ್ನು ಡ್ರಗ್ ಚಾರ್ಟಿನ ಪಕ್ಕ ಇಟ್ಟು ಓದಬೇಕು.

ಡಯಾಲಿಸಿಸ್ ಟಿಪ್ಪಣಿ ಬೇಡಲು ಮರೆಯಬಾರದು. ಎಕ್ಸ್‌ಟ್ರಿಪ್ ಎಂಬ ಅಂತರರಾಷ್ಟ್ರೀಯ ತಜ್ಞರ ಗುಂಪು 2015ರಲ್ಲಿ ಕೊಟ್ಟ ಶಿಫಾರಸಿನ ಪ್ರಕಾರ ಲ್ಯಾಕ್ಟೇಟ್ 20 ಮಿಲಿಮೋಲ್ ದಾಟಿದರೆ, ಇಲ್ಲವೇ ಪಿಎಚ್ 7.0 ಅಥವಾ ಅದಕ್ಕಿಂತ ಕೆಳಗಿದ್ದರೆ ಡಯಾಲಿಸಿಸ್ ಮಾಡಬೇಕು. ಪ್ರೋಟೀನಿಗೆ ಅಂಟದ ಔಷಧಿಯಾದ್ದರಿಂದ ಅದು ಚೆನ್ನಾಗಿಯೇ ಹೊರಬರುತ್ತದೆ. ಎರಡು ಸಲ ಡಯಾಲಿಸಿಸ್ ಆಗಿ ಮೂರನೇ ದಿನ ತೀರಿಕೊಂಡವರ ತೊಡೆಯ ರಕ್ತದಲ್ಲಿ ಮಟ್ಟ ಸಾಧಾರಣವಾಗಿ ಕಂಡರೆ ಅದಕ್ಕೆ ಅರ್ಥ ಅತಿಸೇವನೆ ಆಗಿರಲಿಲ್ಲ ಎಂದಲ್ಲ.

ಪಿಎಂ ಮೇಜಿನ ಕೆಲಸಕ್ಕೆ ಬಂದರೆ, ರಕ್ತ ತೊಡೆಯ ಸಿರೆಯಿಂದಲೇ ಬೇಕು, ಸಿರೆಯನ್ನು ಮೇಲ್ಭಾಗದಲ್ಲಿ ಕಟ್ಟಿ ತೆಗೆದದ್ದಾದರೆ ಇನ್ನೂ ಒಳ್ಳೆಯದು. ಹೃದಯದ ರಕ್ತ ತೆಗೆಯುವುದು ಸುಲಭ, ಆದರೆ ಹೊಟ್ಟೆಯಲ್ಲಿ ಕರಗದ ಮಾತ್ರೆ ಉಳಿದಿದ್ದರೆ ಔಷಧಿ ಅಲ್ಲಿಂದ ಪಕ್ಕದ ಅಂಗಗಳಿಗೆ ಇಂಗುತ್ತದೆ. ಅದೇ ಕಾರಣಕ್ಕೆ ಲಿವರ್‌ನ ತುಂಡನ್ನು ಬಲ ಹಾಲೆಯ ಆಳದಿಂದ ಕತ್ತರಿಸಬೇಕು. ಎಡ ಹಾಲೆ ಹೊಟ್ಟೆಗೆ ಒರಗಿರುತ್ತದೆ. ರಕ್ತಕ್ಕೆ ಪ್ರತಿ ಮಿಲಿಲೀಟರಿಗೆ 10 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್ ಸಂರಕ್ಷಕವಾಗಿ ಬೆರೆಸಬೇಕು. ಆಸ್ಪತ್ರೆಯ ಬೂದು ಮುಚ್ಚಳದ ಟ್ಯೂಬಿನಲ್ಲಿ ಇರುವುದು ಸಾಮಾನ್ಯವಾಗಿ ಇದರ ಕಾಲುಭಾಗದಷ್ಟೇ, ಶವದ ರಕ್ತಕ್ಕೆ ಅದು ಸಾಲದು.

ವಿಟ್ರಿಯಸ್ ಎರಡೂ ಕಣ್ಣಿನಿಂದ ತೆಗೆಯಬೇಕು. ಕಣ್ಣಿನ ಹೊರಮೂಲೆಯಿಂದ ಸೂಜಿ ಹಾಕಿ ನಿಧಾನವಾಗಿ ಎಳೆದರೆ ಒಂದೊಂದು ಕಣ್ಣಿನಿಂದ 2ರಿಂದ 3 ಮಿಲಿಲೀಟರ್ ತಿಳಿಯಾದ ದ್ರವ ಬರುತ್ತದೆ. ಜೋರಾಗಿ ಎಳೆದರೆ ರೆಟಿನಾದ ಚೂರು ಸೇರಿ ಪೊಟ್ಯಾಸಿಯಂ ಅಂಕಿಯೇ ಕೆಡುತ್ತದೆ. ತೆಗೆದ ಮೇಲೆ ಅಷ್ಟೇ ಸಲೈನ್ ತುಂಬಿದರೆ ಕಣ್ಣು ಮೊದಲಿನಂತೆ ಕಾಣುತ್ತದೆ. ಮನೆಯವರ ದೃಷ್ಟಿಯಿಂದ ಇದನ್ನು ಬಿಡಬಾರದು. ದ್ರವವನ್ನು ಎರಡು ಪಾಲು ಮಾಡಿ, ಗ್ಲೂಕೋಸ್ ಮತ್ತು ಔಷಧಿಗೆ ಒಂದು ಪಾಲು ಫ್ಲೋರೈಡ್ ಟ್ಯೂಬಿಗೆ, ಯೂರಿಯಾ, ಕ್ರಿಯಾಟಿನಿನ್, ಸೋಡಿಯಂಗೆ ಇನ್ನೊಂದು ಪಾಲು ಏನೂ ಹಾಕದ ಟ್ಯೂಬಿಗೆ. ಎಲ್ಲವನ್ನೂ ಸೋಡಿಯಂ ಫ್ಲೋರೈಡಿಗೆ ಹಾಕಿದರೆ ಸೋಡಿಯಂ ಅಂಕಿ ಆಕಾಶಕ್ಕೆ ಹೋಗುತ್ತದೆ.

ವಿಸೆರಾ ಸಂರಕ್ಷಣೆಗೆ ನಮ್ಮಲ್ಲಿ ಬಳಸುವ ಗಟ್ಟಿ ಉಪ್ಪುನೀರು ಮೆಟ್‌ಫಾರ್ಮಿನ್‌ಗೆ ಎರಡು ರೀತಿಯಲ್ಲಿ ಕಾಟ ಕೊಡುತ್ತದೆ. ಮೊದಲನೆಯದು, ನೀರಿನಲ್ಲಿ ಇಷ್ಟು ಕರಗುವ ಔಷಧಿ ತುಂಡಿನಿಂದ ಹೊರಬಂದು ಉಪ್ಪುನೀರು ಸೇರುತ್ತದೆ. ವಾರಗಟ್ಟಲೆ ಕಾದ ಜಾಡಿಯಿಂದ ತುಂಡನ್ನಷ್ಟೇ ಎತ್ತಿ, ನೀರು ಬಸಿದು ಅರೆದರೆ ಬರುವ ಅಂಕಿ ನಿಜಕ್ಕಿಂತ ಕಡಿಮೆ. ತುಂಡಿನ ತೂಕ, ನೀರಿನ ಪ್ರಮಾಣ ಎರಡನ್ನೂ ಬರೆದುಕೊಂಡು ಎರಡರಲ್ಲೂ ಅಳೆಯಬೇಕು. ಆಗಲೂ ಅಂಗಾಂಶದ ಅಂಕಿಯನ್ನು ಅಂದಾಜು ಎಂದೇ ಹೇಳಬೇಕು. ಒಂದೇ ಜಾಡಿಯಲ್ಲಿ ಹೊಟ್ಟೆ ಮತ್ತು ಲಿವರ್ ಒಟ್ಟಿಗೆ ಇದ್ದರಂತೂ ಲಿವರ್ ಅಂಕಿಗೆ ಅರ್ಥವೇ ಇಲ್ಲ. ಎರಡನೆಯ ಕಾಟ ಯಂತ್ರದ್ದು. ಅದನ್ನು ಕೆಳಗೆ ಹೇಳುತ್ತೇನೆ. ಇದಕ್ಕೆಲ್ಲ ಸರಳ ಪರಿಹಾರ, ಮಾತ್ರೆಯ ಶಂಕೆ ಇದ್ದ ಕಡೆ ಲಿವರ್ ಮತ್ತು ಕಿಡ್ನಿಯ ಚಿಕ್ಕ ತುಂಡುಗಳನ್ನು ಏನೂ ಬೆರೆಸದೆ ಬೇರೆ ಬೇರೆ ಡಬ್ಬಿಯಲ್ಲಿ ಮಂಜುಗಟ್ಟಿಸಿ ಕಳಿಸುವುದು. ಹಿಸ್ಟಾಲಜಿಗೆ (ಸೂಕ್ಷ್ಮದರ್ಶಕದಲ್ಲಿ ಅಂಗಾಂಶ ನೋಡುವ ಪರೀಕ್ಷೆಗೆ) ಕಿಡ್ನಿಯ ಇನ್ನೊಂದು ತುಂಡು ಫಾರ್ಮಲಿನ್‌ನಲ್ಲಿ. ಬಳಸಿದ ಉಪ್ಪುನೀರಿನ ಖಾಲಿ ಮಾದರಿ ಇಲ್ಲದೆ ಬಂದ ಪೆಟ್ಟಿಗೆಯನ್ನು ಕೋರ್ಟಿನಲ್ಲಿ ವಕೀಲರು ಮೊದಲು ಹಿಡಿಯುತ್ತಾರೆ.

ಹೊಟ್ಟೆಯೊಳಗಿನದನ್ನು ಪೂರ್ತಿ ಅಳೆದು, ತೂಗಿ, ಫೋಟೋ ತೆಗೆದು ಕಳಿಸಬೇಕು. 50 ಮಿಲಿಲೀಟರ್ ಮಾದರಿ ಬಂದು, ಒಟ್ಟು ಎಷ್ಟಿತ್ತು ಎಂದು ಬರೆಯದಿದ್ದರೆ ಸಾಂದ್ರತೆ ಗೊತ್ತಾಗುತ್ತದೆ, ಒಟ್ಟು ಔಷಧಿ ಎಷ್ಟು ಉಳಿದಿತ್ತು ಎಂಬುದು ಗೊತ್ತಾಗುವುದಿಲ್ಲ, ಬೇಕಾದದ್ದು ಎರಡನೆಯದು. ಔಷಧಿಯನ್ನು ನಿಧಾನವಾಗಿ ಬಿಡುವ ಎಸ್‌ಆರ್ ಮಾತ್ರೆಗಳು ಇನ್ನೊಂದು ಬಗೆ. ಅವುಗಳ ಅಂಟು ನೀರು ಹೀರಿ ಉಬ್ಬಿ, ಬಿಳಿಯ ಮೆತ್ತನೆ ಮುದ್ದೆಯಾಗಿ ಕರುಳಿನಲ್ಲಿ ಕೆಳಗೆ ಸಾಗಿರುತ್ತದೆ. ಹೊಟ್ಟೆ ಖಾಲಿ ಎಂದು ಬರೆದು ಮುಗಿಸುವ ಬದಲು ಸಣ್ಣ ಕರುಳನ್ನು ಉದ್ದಕ್ಕೂ ಬಿಡಿಸಿ ನೋಡಬೇಕು. ಔಷಧಿಯೆಲ್ಲ ಹೊರಟುಹೋದ ಮೇಲೂ ಆ ಮುದ್ದೆ ಮಾತ್ರೆಯ ಆಕಾರದಲ್ಲೇ ಉಳಿಯಬಹುದು. ಕಂಡ ಮುದ್ದೆಗಳನ್ನು ಎಣಿಸಿ ಅಷ್ಟು ಔಷಧಿ ಉಳಿದಿತ್ತು ಎಂದು ಲೆಕ್ಕ ಹಾಕಬಾರದು.

ಪ್ರಯೋಗಾಲಯದಲ್ಲಿ ಹಳೆಯ ಪದ್ಧತಿಯೇ ನಡೆದರೆ ಮೆಟ್‌ಫಾರ್ಮಿನ್ ಸಿಗುವುದೇ ಇಲ್ಲ. ವಿಷವನ್ನು ದ್ರಾವಕಕ್ಕೆ ಸೆಳೆಯುವ ಸ್ಟಾಸ್-ಒಟ್ಟೊ ಕ್ರಮದಲ್ಲಿ ಆಮ್ಲೀಯ ಮಾಡಿ ಈಥರ್, ಕ್ಷಾರೀಯ ಮಾಡಿ ಕ್ಲೋರೋಫಾರ್ಮ್ ಎಂದು ಹೋದರೆ ಔಷಧಿ ಎರಡು ಸಲವೂ ನೀರಿನ ಪದರದಲ್ಲೇ ಕುಳಿತಿರುತ್ತದೆ, ಆ ಪದರ ಸಿಂಕಿಗೆ ಹೋಗುತ್ತದೆ. ಸಾಮಾನ್ಯ ದ್ರಾವಕದ ಟಿಎಲ್‌ಸಿಯಲ್ಲಿ (ತೆಳುಪದರದ ಮೇಲೆ ಬೇರ್ಪಡಿಸುವ ಪರೀಕ್ಷೆ) ಚುಕ್ಕೆ ಇಟ್ಟ ಜಾಗ ಬಿಟ್ಟು ಏಳುವುದಿಲ್ಲ. ಡೆರಿವಟೈಸ್ ಮಾಡದೆ, ಅಂದರೆ ಆವಿಯಾಗುವ ರೂಪಕ್ಕೆ ಬದಲಿಸದೆ, ಜಿಸಿ-ಎಂಎಸ್‌ಗೆ (ಆವಿಯಾಗಿಸಿ ಬೇರ್ಪಡಿಸಿ ತೂಕದಿಂದ ಗುರುತಿಸುವ ಯಂತ್ರ) ಹಾಕಿದರೆ ಪೀಕ್ ಇಲ್ಲ. ಹೀಗೆ ಹೊರಬಿದ್ದ ‘ಸಾಮಾನ್ಯ ವಿಷಗಳು ಕಂಡುಬಂದಿಲ್ಲ’ ಎಂಬ ವರದಿಯನ್ನು ಓದುವವರು ಮೆಟ್‌ಫಾರ್ಮಿನ್ ಹುಡುಕಿದರೇ, ಹುಡುಕಿಲ್ಲವೇ ಎಂದು ಕೇಳಲೇಬೇಕು. ಹೊಟ್ಟೆಯ ಮಾದರಿ, ಮಾತ್ರೆಯ ಚೂರುಗಳಿಗೆ ಮೊದಲ ನೋಟಕ್ಕೆ 234 ನ್ಯಾನೋಮೀಟರ್ ಹತ್ತಿರದ ಯುವಿ ಸಾಕು. ರಕ್ತಕ್ಕೆ ಎಲ್‌ಸಿ-ಎಂಎಸ್/ಎಂಎಸ್ (ದ್ರವದಲ್ಲೇ ಬೇರ್ಪಡಿಸಿ ತೂಕದಿಂದ ಗುರುತಿಸುವ ಯಂತ್ರ) ಬೇಕು.

ಕ್ರಮ ದೊಡ್ಡದೇನಲ್ಲ. 100 ಮೈಕ್ರೋಲೀಟರ್ ರಕ್ತ, ಅದಕ್ಕೆ ಹೋಲಿಕೆಗಾಗಿ ಮೆಟ್‌ಫಾರ್ಮಿನ್-ಡಿ6 (ಭಾರವಾದ ಹೈಡ್ರೋಜನ್ ಇರುವ ಮೆಟ್‌ಫಾರ್ಮಿನ್) ಆಂತರಿಕ ಮಾನಕ, ಮೇಲೆ 400 ಮೈಕ್ರೋಲೀಟರ್ ತಣ್ಣನೆಯ ಅಸಿಟೋನೈಟ್ರೈಲ್. ಅಸಿಟೋನೈಟ್ರೈಲನ್ನು ವೋರ್ಟೆಕ್ಸ್ ಮಾಡುತ್ತಲೇ ಹನಿಹನಿಯಾಗಿ ಬಿಡಬೇಕು. ಒಮ್ಮೆಲೇ ಸುರಿದರೆ ಶವದ ರಕ್ತ ಉಂಡೆ ಕಟ್ಟಿ ಔಷಧಿಯನ್ನು ಒಳಗೆ ಹಿಡಿದುಕೊಳ್ಳುತ್ತದೆ. ಸೆಂಟ್ರಿಫ್ಯೂಜ್, ಮೇಲಿನ ತಿಳಿ ತೆಗೆದು, ನೀರಿನಲ್ಲಿ ಕರಗುವ ಅಣುಗಳನ್ನು ಹಿಡಿಯುವ ಹಿಲಿಕ್ ಕಾಲಮ್ಮಿಗೆ. ಚಲಿಸುವ ದ್ರಾವಣ ಅಮೋನಿಯಂ ಫಾರ್ಮೇಟ್ ಮತ್ತು ಹೆಚ್ಚು ಅಸಿಟೋನೈಟ್ರೈಲ್. ಇಂಜೆಕ್ಟ್ ಮಾಡುವ ಮಾದರಿಯಲ್ಲೂ ಅಸಿಟೋನೈಟ್ರೈಲ್ ಪಾಲೇ ಹೆಚ್ಚಿರಬೇಕು, ನೀರು ಹೆಚ್ಚಾದರೆ ಪೀಕ್ ಎರಡಾಗಿ ಸೀಳುತ್ತದೆ. ಮೆಟ್‌ಫಾರ್ಮಿನ್‌ಗೆ 130 ತೂಕದ ಅಯಾನು ಒಡೆದು ಬರುವ 71ರ ಚೂರು ಅಳೆಯಲು, 60ರ ಚೂರು ದೃಢಪಡಿಸಲು. ನೀರಿಗೆ ಅಷ್ಟಾಗಿ ಒಲಿಯದ ಅಣುಗಳನ್ನು ಹಿಡಿಯುವ ಸಿ18 ಕಾಲಮ್ಮಿನಲ್ಲಿ ಹಾಕಿದರೆ ಔಷಧಿ ನಿಲ್ಲದೆ ಶುರುವಿನಲ್ಲೇ ಹೊರಬರುತ್ತದೆ, ವಿಸೆರಾದ ಉಪ್ಪೂ ಅದೇ ಕ್ಷಣಕ್ಕೆ ಹೊರಬಂದು ಸಿಗ್ನಲನ್ನು ಅದುಮುತ್ತದೆ. ಮೇಲೆ ಬಾಕಿ ಇಟ್ಟ ಎರಡನೆಯ ಕಾಟ ಇದೇ. ಡಿ6 ಇದ್ದರೆ ಅಂಕಿ ಸರಿಹೋಗುತ್ತದೆ; ಆದರೆ ಡಿ6 ಪೀಕೇ ಉಳಿದ ಮಾದರಿಗಳಿಗಿಂತ ಹತ್ತರಲ್ಲಿ ಒಂದು ಪಾಲಾಗಿದ್ದರೆ ಆ ಓಟವನ್ನು ನಂಬದೆ ಮಾದರಿ ತೆಳುವಾಗಿಸಿ ಮತ್ತೆ ಹಾಕಬೇಕು.

ಅತಿಸೇವನೆಯ ಮಾದರಿ ಕ್ಯಾಲಿಬ್ರೇಷನ್ ರೇಖೆಯ (ಗೊತ್ತಿರುವ ಮಟ್ಟಗಳಿಂದ ಎಳೆದ ಅಳತೆಯ ಗೆರೆ) ಹೊರಗೇ ಬೀಳುತ್ತದೆ ಎಂದುಕೊಂಡೇ ಹೊರಡಬೇಕು. 0.1ರಿಂದ 20 ಮಿಲಿಗ್ರಾಂ ರೇಖೆ ಇದ್ದರೆ, ರಕ್ತವನ್ನು ಔಷಧಿ ಇಲ್ಲದ ರಕ್ತದಲ್ಲಿ ಹತ್ತು ಪಟ್ಟು ತೆಳುವಾಗಿಸಿ ಮೊದಲಿನಿಂದ ಎಕ್ಸ್‌ಟ್ರಾಕ್ಟ್ ಮಾಡಬೇಕು. ರೇಖೆಯನ್ನು ಮುಂದಕ್ಕೆ ಎಳೆದು ಓದುವುದು ಒಪ್ಪುವ ಮಾತಲ್ಲ. ಇನ್ನೊಂದು, ಕ್ಯಾರಿಓವರ್, ಅಂದರೆ ಒಂದು ಮಾದರಿಯ ಶೇಷ ಮುಂದಿನದಕ್ಕೆ ಸೇರುವುದು. ಇಷ್ಟು ಬಲವಾದ ಪ್ರತ್ಯಾಮ್ಲ ಗಾಜಿಗೂ ಸೂಜಿಗೂ ಅಂಟುತ್ತದೆ. ಹೆಚ್ಚಿನ ಮಟ್ಟದ ಮಾದರಿಯ ಹಿಂದೆ ಖಾಲಿ ಮಾದರಿ ಓಡಿಸದಿದ್ದರೆ ಮುಂದಿನ ಕಡತದವರಿಗೂ ಮೆಟ್‌ಫಾರ್ಮಿನ್ ಬಂದುಬಿಡುತ್ತದೆ, ಅವರು ಸಕ್ಕರೆ ಕಾಯಿಲೆಯವರೇ ಆಗಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ಪಾಲಿಪ್ರೊಪಿಲೀನ್ ವಯಲ್, ಆಮ್ಲ ಸೇರಿದ ಸೂಜಿ ತೊಳೆಯುವ ದ್ರಾವಣ ಇದ್ದರೆ ಈ ತೊಂದರೆ ತಗ್ಗುತ್ತದೆ.

ಅಂಕಿ ಬಂತು, ಉದಾಹರಣೆಗೆ ಲೀಟರಿಗೆ 60 ಮಿಲಿಗ್ರಾಂ. ಚಿಕಿತ್ಸಾ ಮಟ್ಟದ ಮೂವತ್ತು ಪಟ್ಟು. ಅತಿಸೇವನೆ ಎಂದು ಬರೆಯಲು ಕೈ ಹೋಗುತ್ತದೆ. ವಾರದಿಂದ ವಾಂತಿ ಭೇದಿಯಾಗಿ, ನೀರು ಸೇರದೆ, ಮೂತ್ರ ನಿಂತಿದ್ದರೂ ಮಾತ್ರೆ ಬಿಡದ ವೃದ್ಧರಲ್ಲೂ ಇಂಥ ಮಟ್ಟ ಕಂಡದ್ದಿದೆ. ಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗ) 30ಕ್ಕಿಂತ ಕಡಿಮೆ ಇದ್ದವರಿಗೆ ಈ ಮಾತ್ರೆ ಕೊಡಬಾರದು ಎಂಬ ನಿಯಮ ಇರುವುದು ಇದಕ್ಕೇ. ಆದ್ದರಿಂದ ವಿಟ್ರಿಯಸ್ ಕ್ರಿಯಾಟಿನಿನ್ ಮತ್ತು ಯೂರಿಯಾ ನೋಡಬೇಕು. ಸತ್ತ ಮೇಲೂ ಇವು ಹೆಚ್ಚು ಕದಲುವುದಿಲ್ಲ. ಎರಡೂ ಸಹಜವಾಗಿದ್ದು ರಕ್ತದಲ್ಲಿ ಔಷಧಿ ಇಷ್ಟಿದ್ದರೆ ಶೇಖರಣೆಯ ವಾದ ಬೀಳುತ್ತದೆ. ಏರಿದ್ದರೆ ಮಾತ್ರ ತೀರ್ಮಾನ ಅಷ್ಟು ಬೇಗ ಸಿಗದು, ಏಕೆಂದರೆ ಅತಿಸೇವನೆ ತಾನೇ ಒಂದೆರಡು ದಿನದಲ್ಲಿ ಕಿಡ್ನಿ ನಿಲ್ಲಿಸಬಲ್ಲದು. ಆಗ ಕಿಡ್ನಿಯ ಗಾತ್ರ, ಮೇಲ್ಮೈ, ಹಿಸ್ಟಾಲಜಿ ಮಾತಾಡುತ್ತವೆ: ಕುಗ್ಗಿ ಹರಳುಹರಳಾದ, ಗ್ಲೊಮೆರುಲಸ್ (ರಕ್ತ ಸೋಸುವ ಗುಚ್ಛ) ಗಟ್ಟಿಯಾದ ಕಿಡ್ನಿ ವರ್ಷಗಳ ಕಥೆ, ಉಬ್ಬಿ ಮಸುಕಾದ, ನಾಳಗಳಷ್ಟೇ ಸತ್ತ ಕಿಡ್ನಿ ದಿನಗಳ ಕಥೆ. ಆರು ತಿಂಗಳ ಹಿಂದಿನ ಕ್ರಿಯಾಟಿನಿನ್ ಚೀಟಿ ಮನೆಯ ಬೀರುವಿನಲ್ಲಿ ಇರುತ್ತದೆ, ಮಹಜರಿನಲ್ಲಿ ಸೇರಿಸಿಕೊಳ್ಳಲು ತನಿಖಾಧಿಕಾರಿಗೆ ಹೇಳಬೇಕು. ಖಾಲಿ ಸ್ಟ್ರಿಪ್‌ಗಳ ಬ್ಯಾಚ್ ಸಂಖ್ಯೆ, ಮೆಡಿಕಲ್ ಶಾಪಿನ ಬಿಲ್ಲಿನ ದಿನಾಂಕ, ದಿನಕ್ಕೆ ಎಷ್ಟು ಮಾತ್ರೆಯ ಚೀಟಿ ಎಂಬ ಮೂರೂ ಕೂಡಿದರೆ ಎಷ್ಟು ಮಾತ್ರೆಗೆ ಲೆಕ್ಕ ಸಿಗುವುದಿಲ್ಲ ಎಂಬುದು ಹೊರಬರುತ್ತದೆ.

ಆಸ್ಪತ್ರೆಯ ಮೊದಲ ರಕ್ತವನ್ನು ಮಂಜುಗಟ್ಟಿಸುವ ಮುಂಚೆ ಪ್ಲಾಸ್ಮಾ, ಕಣ ಎಂದು ಬೇರೆ ಮಾಡಿಟ್ಟಿದ್ದರೆ ಅದೃಷ್ಟ. ಈಗಷ್ಟೇ ನುಂಗಿದವರಲ್ಲಿ ಪ್ಲಾಸ್ಮಾದ ಮಟ್ಟ ಕಣಗಳನ್ನು ಹಿಂದೆ ಹಾಕಿರುತ್ತದೆ. ದಿನಗಳಿಂದ ಶೇಖರವಾದವರಲ್ಲಿ ಕಣಗಳೂ ತುಂಬಿರುತ್ತವೆ. ಬೇರೆ ಮಾಡದೆ ಮಂಜುಗಟ್ಟಿಸಿದ ಟ್ಯೂಬಿನಲ್ಲಿ ಈ ಸಾಕ್ಷ್ಯ ಹೋಯಿತು.

ನಮ್ಮ ಕಡೆ ಬರಿಯ ಮೆಟ್‌ಫಾರ್ಮಿನ್‌ಗಿಂತ ಜೋಡಿ ಮಾತ್ರೆಗಳೇ ಹೆಚ್ಚು. ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲ ಗ್ಲಿಮೆಪಿರೈಡ್ ಸೇರಿದ್ದರೆ ಸಾವು ಲ್ಯಾಕ್ಟೇಟಿನಿಂದಲ್ಲ, ಸಕ್ಕರೆ ಇಳಿದು ಮಿದುಳು ಕೆಟ್ಟದ್ದರಿಂದ ಆಗಿರಬಹುದು. ಶವದ ಗ್ಲೂಕೋಸ್ ಕಡಿಮೆ ಇರುವುದು ಇದಕ್ಕೆ ಸಾಕ್ಷಿಯಾಗದು, ಅದು ಎಲ್ಲರಲ್ಲೂ ಇಳಿದಿರುತ್ತದೆ. ದಾಖಲಾದಾಗಿನ ಗ್ಲೂಕೋಮೀಟರ್ ಅಂಕಿಯ ಜೊತೆಗೆ ಒಂದೇ ಗುಂಪಿನ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಮೂರನ್ನೂ ಹುಡುಕಬೇಕು. ಅದೃಷ್ಟವಶಾತ್ ಅಸಿಟೋನೈಟ್ರೈಲ್ ಹಾಕಿದ ಅದೇ ತಿಳಿಯನ್ನು ಸಿ18 ಕಾಲಮ್ಮಿಗೆ ಹಾಕಿದರೆ ಇವು ಸಿಗುತ್ತವೆ. ಡಪಾಗ್ಲಿಫ್ಲೋಜಿನ್ ಜೋಡಿಯದು ಬೇರೆಯೇ ಬಲೆ: ಮೂತ್ರದಲ್ಲಿ ಸಕ್ಕರೆ ನಾಲ್ಕು ಪ್ಲಸ್ ಇರುತ್ತದೆ, ಅದು ಔಷಧಿಯ ಕೆಲಸ, ರಕ್ತದ ಸಕ್ಕರೆ ಏರಿತ್ತು ಎಂದಲ್ಲ. ಇಂಥವರಲ್ಲಿ ಸಕ್ಕರೆ ಸಾಧಾರಣ ಇದ್ದೂ ಕೀಟೋಆಸಿಡೋಸಿಸ್ (ಕೀಟೋನ್‌ಗಳಿಂದ ರಕ್ತ ಆಮ್ಲೀಯವಾಗುವುದು) ಆಗಬಹುದು. ಅದಕ್ಕೆ ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಕೀಟೋನ್ ಅಳೆಯಬೇಕು. ಲ್ಯಾಕ್ಟೇಟಿನಂತಲ್ಲದೆ ಇದು ಸತ್ತ ಮೇಲೂ ನಂಬಿಕಸ್ತ, 2.5 ಮಿಲಿಮೋಲ್ ದಾಟಿದರೆ ಗಂಭೀರವಾಗಿ ತೆಗೆದುಕೊಳ್ಳುವಂಥದ್ದು.

ಹಳ್ಳಿಯಿಂದ ಬಂದ ಕಡತದಲ್ಲಿ ಮೆಟ್‌ಫಾರ್ಮಿನ್ ಸಿಕ್ಕ ಕೂಡಲೇ ಹುಡುಕಾಟ ನಿಲ್ಲಿಸುವುದು ಅಪಾಯ. ಸಕ್ಕರೆ ಕಾಯಿಲೆಯ ರೈತನ ರಕ್ತದಲ್ಲಿ ಅದು ಇರಲೇಬೇಕು. ಕಾಳಿಗೆ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಕೂಡ ಮೈಟೊಕಾಂಡ್ರಿಯಾವನ್ನೇ ಹೊಡೆದು ಇದೇ ಬಗೆಯ ಆಸಿಡೋಸಿಸ್ ತರುತ್ತದೆ. ಜಾಡಿ ತೆರೆದ ಕೂಡಲೇ ಸಿಲ್ವರ್ ನೈಟ್ರೇಟ್ ಕಾಗದದ ಪರೀಕ್ಷೆ, ಕೀಟನಾಶಕ, ಮೆಥನಾಲ್, ಸಯನೈಡ್ ಇವು ನಡೆದಿದ್ದರೆ ಮಾತ್ರ ಮೆಟ್‌ಫಾರ್ಮಿನ್ ಅಂಕಿಗೆ ತೂಕ.

ವರದಿಯಲ್ಲಿ ಅಂಕಿಯ ಪಕ್ಕ ಏಕಮಾನ, ಮಾದರಿ ಯಾವ ಜಾಗದ್ದು, ಪ್ಲಾಸ್ಮಾವೋ ಇಡೀ ರಕ್ತವೋ ಎಂಬುದನ್ನು ಒಂದೇ ಸಾಲಿನಲ್ಲಿ ಬರೆಯಬೇಕು. ಲ್ಯಾಕ್ಟೇಟನ್ನು ಒಂದು ಆಸ್ಪತ್ರೆ ಮಿಲಿಮೋಲಿನಲ್ಲಿ, ಇನ್ನೊಂದು ಡೆಸಿಲೀಟರಿಗೆ ಮಿಲಿಗ್ರಾಂನಲ್ಲಿ ಕೊಡುತ್ತದೆ; ಮಿಲಿಮೋಲನ್ನು 9ರಿಂದ ಗುಣಿಸಿದರೆ ಎರಡನೆಯದು ಬರುತ್ತದೆ, ಗ್ಲೂಕೋಸಿಗೆ ಅದೇ 18. ಈ ಎರಡು ಬೆರೆತು ಹೋದ ಕಡತಗಳಲ್ಲಿ ಲ್ಯಾಕ್ಟೇಟ್ 45 ಎಂಬುದನ್ನು ಒಬ್ಬರು ಸಾವಿನಂಚು ಎಂದೂ ಇನ್ನೊಬ್ಬರು ಸ್ವಲ್ಪ ಏರಿಕೆ ಎಂದೂ ಓದುತ್ತಾರೆ. ‘ಮಾರಕ ಮಟ್ಟ’ ಎಂಬ ಪದವನ್ನು ರಾಸಾಯನಿಕ ವರದಿಯಲ್ಲಿ ಬಳಸದಿರುವುದು ನಮ್ಮ ರೂಢಿ. ಅಳೆದದ್ದನ್ನು ಹೇಳಿ, ಚಿಕಿತ್ಸಾ ಮಟ್ಟಕ್ಕಿಂತ ಹೆಚ್ಚು ಎಂದು ಹೇಳಿ, ಸಾವಿನ ಕಾರಣದ ಅಭಿಪ್ರಾಯವನ್ನು ಪಿಎಂ ಮಾಡಿದ ವೈದ್ಯರಿಗೆ ಬಿಡಬೇಕು. ಅವರ ಕೈಯಲ್ಲಿ ಕಿಡ್ನಿಯ ಹಿಸ್ಟಾಲಜಿ, ವಿಟ್ರಿಯಸ್ ಕ್ರಿಯಾಟಿನಿನ್, ಎಬಿಜಿ ಮೂರೂ ಇರುತ್ತವೆ. ವರದಿ ಹೋದ ಮೇಲೂ ಉಳಿದ ರಕ್ತ ಮತ್ತು ವಿಟ್ರಿಯಸ್ಸನ್ನು ಮೈನಸ್ 20ರಲ್ಲಿ ಇಟ್ಟುಕೊಂಡಿರಬೇಕು. ಗ್ಲಿಮೆಪಿರೈಡ್ ಹುಡುಕಿದ್ದೀರಾ ಎಂಬ ಪ್ರಶ್ನೆ ಸಾಮಾನ್ಯವಾಗಿ ಬರುವುದು ಕೋರ್ಟಿನಿಂದ, ಅದೂ ತಡವಾಗಿ.